ಪಾಠಶಾಲೆಯಲ್ಲಿ ಹಿಂಸೆ



ತಾಯಿತಂದೆಗಳು ತಮ್ಮ ಮಕ್ಕಳನ್ನು ದಿನಕ್ಕೆ ಆರೇಳು ಗಂಟೆಗಳ ಕಾಲ ಪರರ ಕೈಗೆ ಒಪ್ಪಿಸಿ ನಿಶ್ಚಿಂತರಾಗಿರುವ ಸ್ಥಳವೊಂದಿದ್ದರೆ ಅದು ಪಾಠಶಾಲೆ. ಮಗು ಅಲ್ಲಿ ನಾಲ್ಕಕ್ಷರ ಕಲಿತೀತು, ಜೊತೆಗೆ ಕ್ಷೇಮವಾಗಿಯೂ ಇದ್ದೀತು ಎಂಬ ನಂಬಿಕೆಯೇ ಶಾಲೆಯೆಂಬ ಸಂಸ್ಥೆಯ ತಳಹದಿ. ಆದುದರಿಂದಲೇ ಶಾಲೆಯ ಆವರಣದೊಳಗೆ ಮಗುವಿಗೆ ಹಿಂಸೆಯಾಯಿತೆಂದು ಕೇಳಿದಾಗ ನಮಗಾಗುವ ಕಳವಳ ಸಂತೆಬೀದಿಯ ಹೊಡೆದಾಟದ ಸುದ್ದಿಯಿಂದ ಆಗುವುದಿಲ್ಲ. ಈ ಹಿಂಸೆ ಏಕೆ ಹುಟ್ಟುತ್ತದೆ, ಹುಟ್ಟಿದ್ದು ಏಕೆ ಬೆಳೆಯುತ್ತದೆ ಎಂಬುದನ್ನು ಕುರಿತು ಇಂದು ತಮ್ಮೊಡನೆ ಕೆಲವು ಮಾತುಗಳನ್ನಾಡಬೇಕೆಂದಿದ್ದೇನೆ.

ಮೊದಲು ಹಿಂಸೆಯೆಂಬ ಪದದ ಅರ್ಥವನ್ನು ಸ್ವಲ್ಪ ಸ್ಪಷ್ಟಪಡಿಸಿಕೊಳ್ಳೋಣ. ಶಾಲೆಯಲ್ಲಿ ಕಾಣುವ ಹಿಂಸೆಯನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಒಂದನೆಯದು, ಉಪಾಧ್ಯಾಯರು ಶಿಕ್ಷೆಯ ಹೆಸರಿನಲ್ಲಿ ಮಕ್ಕಳನ್ನು ಹೊಡೆಯುವುದು, ಹತ್ತು ಮಂದಿಯೆದುರಿಗೆ ಹೀನಾಯವಾಗಿ ಬಯ್ಯುವುದು. ಎರಡನೆಯದು, ಬಲವುಳ್ಳ ಮಕ್ಕಳು ಬಲವಿಲ್ಲದ ಸಹಪಾಠಿಯನ್ನು ದಿನದಿನವೂ ಕಾಡುವುದು. ನಮ್ಮ ಆಡುಮಾತಿನಲ್ಲಿ ಹೇಳುವುದಾದರೆ, ಗೋಳುಹೊಯ್ದುಕೊಳ್ಳುವುದು. ಮೂರನೆಯದು, ವಿದ್ಯಾರ್ಥಿಯೊಬ್ಬನು ಆಯುಧವನ್ನೆತ್ತಿಕೊಂಡು ತನ್ನ ಶಾಲೆಯ ಮೇಲೆಯೇ ಎರಗುವುದು. ಇವು ಮೂರೂ ಒಂದೇ ತೂಕದವೆಂದು ಯಾರೂ ಹೇಳಲಾರರು. ಆದರೆ ಇವುಗಳ ನಡುವೆ ಒಳಗಿನದೊಂದು ಸಂಬಂಧ ಉಂಟೆಂದು ನನಗೆ ತೋರುತ್ತದೆ. ಆ ಸಂಬಂಧ ಯಾವುದೆಂಬುದನ್ನು ವಿಚಾರಿಸುವುದೇ ಈ ಭಾಷಣದ ಉದ್ದೇಶ.

ಕಾರಣವನ್ನು ಕೇಳಿದರೆ ಉತ್ತರಗಳಿಗೇನೂ ಕೊರತೆಯಿಲ್ಲ. ಸಿನಿಮಾ ಕೆಡಿಸಿತು ಎನ್ನುವವರು ಕೆಲವರು. ಈಗ ಆ ಅಪವಾದದಲ್ಲಿ ಮೊಬೈಲ್ ಫೋನಿಗೂ ಪಾಲು ದೊರೆತಿದೆ. ಮನೆಯಲ್ಲಿ ಭಯಭಕ್ತಿ ಇಲ್ಲವಾಯಿತು ಎನ್ನುವವರು ಕೆಲವರು. ಬಡತನವೇ ಮೂಲವೆನ್ನುವವರುಂಟು, ಸಿರಿವಂತಿಕೆಯ ಮದವೇ ಮೂಲವೆನ್ನುವವರೂ ಉಂಟು. ಇವೆಲ್ಲಕ್ಕಿಂತ ಸುಲಭವಾದ ಉತ್ತರ ಇನ್ನೊಂದಿದೆ: ‘ಆ ಹುಡುಗನ ಹುಟ್ಟುಗುಣವೇ ಅಂಥದು’ ಎಂದುಬಿಡುವುದು. ಈ ಉತ್ತರಗಳಲ್ಲಿ ಅಷ್ಟಿಷ್ಟು ಸತ್ಯಾಂಶವಿರಬಹುದು. ಆದರೆ ಇವೆಲ್ಲವೂ ತಪ್ಪನ್ನು ಶಾಲೆಯಿಂದ ಹೊರಗೆ, ನಮ್ಮಿಂದ ದೂರಕ್ಕೆ ಕಳುಹಿಸಿಬಿಡುತ್ತವೆ. ಆದಕಾರಣ ಊಹೆಯನ್ನು ಬದಿಗಿಟ್ಟು, ಶ್ರಮಪಟ್ಟು ವಿಚಾರಣೆ ನಡೆಸಿದವರು ಏನನ್ನು ಕಂಡರೆಂಬುದನ್ನು ನೋಡುವುದು ಒಳ್ಳೆಯದು.

ಅತ್ಯಂತ ಭೀಕರವಾದುದರಿಂದಲೇ ಪ್ರಾರಂಭಿಸೋಣ. ಅಮೆರಿಕದ ಕೊಲರಾಡೊ ಸಂಸ್ಥಾನದ ಕೊಲಂಬೈನ್ ಹೈಸ್ಕೂಲಿನಲ್ಲಿ 1999ನೆಯ ಇಸವಿ ಏಪ್ರಿಲ್ 20ರಂದು ಇಬ್ಬರು ವಿದ್ಯಾರ್ಥಿಗಳು ಬಂದೂಕುಗಳಿಂದ 12 ಮಂದಿ ಸಹಪಾಠಿಗಳನ್ನೂ ಒಬ್ಬ ಉಪಾಧ್ಯಾಯರನ್ನೂ ಕೊಂದು, ಕೊನೆಗೆ ತಾವೂ ಪ್ರಾಣ ಕಳೆದುಕೊಂಡರು. ಇದಾದ ಮೇಲೆ, ಆ ದೇಶದ ಅಧ್ಯಕ್ಷರ ಅಂಗರಕ್ಷಣೆಯ ಹೊಣೆಯುಳ್ಳ ಸೀಕ್ರೆಟ್ ಸರ್ವಿಸ್ ಎಂಬ ಇಲಾಖೆಯೂ ವಿದ್ಯಾ ಇಲಾಖೆಯೂ ಜೊತೆಗೂಡಿ ಒಂದು ವಿಚಾರಣೆಯನ್ನು ನಡೆಸಿದವು. 1974ರಿಂದ 2000ದವರೆಗೆ ಶಾಲೆಗಳಲ್ಲಿ ನಡೆದ 37 ಪ್ರಕರಣಗಳನ್ನೂ ಅವುಗಳಲ್ಲಿ ಭಾಗಿಗಳಾಗಿದ್ದ 41 ಮಂದಿ ಹುಡುಗರ ಪೂರ್ವವೃತ್ತಾಂತವನ್ನೂ ಶೋಧಿಸಿ, 2002ರಲ್ಲಿ ವರದಿಯನ್ನು ಪ್ರಕಟಿಸಿದವು.

ಆ ವರದಿಯ ಮೊದಲನೆಯ ನಿರ್ಣಯವೇ ನಮ್ಮ ಊಹೆಗಳನ್ನು ಬುಡಮೇಲು ಮಾಡುವಂಥದು. ಇಂಥ ಕೃತ್ಯವೆಸಗುವ ಹುಡುಗ ಹೀಗೆಯೇ ಇರುತ್ತಾನೆ ಎಂದು ಗುರುತಿಟ್ಟು ಹೇಳಲು ಯಾವ ಲಕ್ಷಣವೂ ದೊರೆಯಲಿಲ್ಲ. ನೂರಕ್ಕೆ 63 ಮಂದಿ ತಂದೆತಾಯಿಗಳಿಬ್ಬರೂ ಇದ್ದ ಮನೆಯಿಂದ ಬಂದವರು. ಓದಿನಲ್ಲಿ ಮುಂದಿದ್ದವರೂ ಇದ್ದರು, ಹಿಂದಿದ್ದವರೂ ಇದ್ದರು. ಬಹುಪಾಲಿನವರು ಶಾಲೆಯಲ್ಲಿ ಅದುವರೆಗೆ ಶಿಕ್ಷೆಗೆ ಗುರಿಯಾದುದೇ ಇಲ್ಲ, ಅಥವಾ ಅಪರೂಪ. ಆದರೆ ನೂರಕ್ಕೆ 71 ಮಂದಿ, ಆ ಮೊದಲು ತಾವು ಇತರರಿಂದ ಕಾಡಿಸಲ್ಪಟ್ಟಿದ್ದೆವೆಂಬ ನೋವನ್ನು ಹೊತ್ತವರಾಗಿದ್ದರು. ಕೃತ್ಯವು ಕ್ಷಣಿಕವಾದ ಕೋಪದ ಫಲವೂ ಆಗಿರಲಿಲ್ಲ. ಹೆಚ್ಚುಕಡಮೆ ಎಲ್ಲರೂ ಮುಂಚಿತವಾಗಿಯೇ ಯೋಚನೆ ಮಾಡಿಕೊಂಡಿದ್ದರು.

ಎಲ್ಲಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದು. ನೂರಕ್ಕೆ 81 ಪ್ರಕರಣಗಳಲ್ಲಿ, ನಡೆಯಲಿರುವ ಸಂಗತಿ ಕನಿಷ್ಠಪಕ್ಷ ಒಬ್ಬರಿಗಾದರೂ ಮೊದಲೇ ತಿಳಿದಿತ್ತು. ನೂರಕ್ಕೆ 59ರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತಿಳಿದಿತ್ತು. ಹೀಗೆ ತಿಳಿದಿದ್ದವರು ಯಾರು? ಬಹುಮಟ್ಟಿಗೆ ಎಲ್ಲರೂ ಮಕ್ಕಳೇ: ಗೆಳೆಯರು, ಸಹಪಾಠಿಗಳು, ಒಡಹುಟ್ಟಿದವರು. ದೊಡ್ಡವರ ಕಿವಿಗೆ ಈ ಮಾತು ಬಿದ್ದದ್ದು ತೀರ ಅಪೂರ್ವ.

ಇಲ್ಲಿ ಆಯುಧದ ಮಾತನ್ನು ಹೇಳದೆ ಮುಂದಕ್ಕೆ ಹೋಗುವುದು ನ್ಯಾಯವಲ್ಲ. ಆ ಹುಡುಗರಲ್ಲಿ ಮೂರರಲ್ಲಿ ಎರಡು ಪಾಲಿನವರಿಗೆ ಬಂದೂಕು ದೊರೆತದ್ದು ಸ್ವಂತ ಮನೆಯಲ್ಲಿ, ಇಲ್ಲವೆ ನೆಂಟರ ಮನೆಯಲ್ಲಿ. ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಊರಿನಲ್ಲಿ 1996ನೆಯ ಇಸವಿ ಮಾರ್ಚ್ 13ರಂದು ಹೊರಗಿನವನೊಬ್ಬನು ಶಾಲೆಗೆ ನುಗ್ಗಿ 16 ಮಂದಿ ಎಳೆಯ ಮಕ್ಕಳನ್ನೂ ಅವರ ಉಪಾಧ್ಯಾಯಿನಿಯನ್ನೂ ಕೊಂದನು. ಬ್ರಿಟನ್ 1997ರಲ್ಲಿ ಶಾಸನಗಳನ್ನು ಮಾಡಿ, ಖಾಸಗಿ ಜನರು ಕೈಬಂದೂಕುಗಳನ್ನಿಟ್ಟುಕೊಳ್ಳುವುದನ್ನು ನಿಷೇಧಿಸಿತು. ಅಂಥ ಹತ್ಯಾಕಾಂಡ ಅಲ್ಲಿನ ಶಾಲೆಗಳಲ್ಲಿ ಮತ್ತೆ ನಡೆದಿಲ್ಲ. ಕೈಗೆ ಸುಲಭವಾಗಿ ಸಿಕ್ಕುವ ಆಯುಧ ಕಿಡಿಯನ್ನು ಕಾಳ್ಗಿಚ್ಚು ಮಾಡುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಿಡಿಯ ವಿಚಾರ ಬೇರೆ. ಅದು ಬಂದೂಕಿಲ್ಲದ ಶಾಲೆಗಳಲ್ಲಿಯೂ ಇರುತ್ತದೆ.

ಆ ಕಿಡಿಯನ್ನು ಚೆನ್ನಾಗಿ ಪರೀಕ್ಷಿಸಿದವರು ನಾರ್ವೆ ದೇಶದ ಬರ್ಗೆನ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು. 1982ರ ಕೊನೆಯಲ್ಲಿ ಆ ದೇಶದ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಕಾಟವೇ ಇದಕ್ಕೆ ಬಹುಮಟ್ಟಿನ ಕಾರಣವೆಂದು ತಿಳಿದಾಗ ಇಡೀ ದೇಶವೇ ಎಚ್ಚೆತ್ತಿತು. 1983ರಲ್ಲಿ ಸರ್ಕಾರವು ದೇಶದ ಶಾಲೆಗಳಲ್ಲೆಲ್ಲ ಒಂದು ಆಂದೋಲನವನ್ನು ಹೂಡಿತು. ಮಕ್ಕಳಲ್ಲಿ ಸುಮಾರು ನೂರಕ್ಕೆ 15 ಮಂದಿ ಕಾಡುವವರಾಗಿಯೋ ಕಾಡಿಸಿಕೊಳ್ಳುವವರಾಗಿಯೋ ಇದರಲ್ಲಿ ಸಿಲುಕಿದ್ದರೆಂದು ಓಲ್ವೇಯಸ್ಸರು ಕಂಡುಕೊಂಡರು.

ಅವರ ಇತರ ಶೋಧನೆಗಳೂ ಮನನೀಯವಾದವು. ತರಗತಿಯಲ್ಲಿ ಮಕ್ಕಳ ಸಂಖ್ಯೆ ಹೆಚ್ಚಾದರೆ ಕಾಟವೂ ಹೆಚ್ಚುತ್ತದೆಂದು ಜನ ನಂಬಿದ್ದರು. ಅದಕ್ಕೆ ಆಧಾರ ದೊರೆಯಲಿಲ್ಲ. ದಪ್ಪಗಿರುವ, ಕನ್ನಡಕ ಹಾಕುವ, ಕೂದಲ ಬಣ್ಣ ಬೇರೆಯಿರುವ ಮಕ್ಕಳೇ ಪೀಡೆಗೆ ಗುರಿಯಾಗುತ್ತಾರೆಂದು ನಂಬಿದ್ದರು, ಅದೂ ನಿಲ್ಲಲಿಲ್ಲ. ಆದರೆ ಒಂದು ಅಂಶ ಸ್ಪಷ್ಟವಾಯಿತು: ವಿರಾಮದ ವೇಳೆಯಲ್ಲಿ ಮಕ್ಕಳ ನಡುವೆ ದೊಡ್ಡವರು ಹೆಚ್ಚಾಗಿದ್ದ ಶಾಲೆಗಳಲ್ಲಿ ಕಾಟ ಕಡಮೆಯಾಗಿತ್ತು. ಬರ್ಗೆನ್ನಿನ 42 ಶಾಲೆಗಳ ಸುಮಾರು 2,500 ಮಕ್ಕಳಲ್ಲಿ ಓಲ್ವೇಯಸ್ಸರ ಕಾರ್ಯಕ್ರಮವನ್ನು ನಡೆಸಿದಾಗ, ಎರಡು ವರ್ಷಗಳೊಳಗೆ ಈ ಪಿಡುಗು ಅರ್ಧದಷ್ಟು ಇಳಿಯಿತು. ಅವರು ಪ್ರಯೋಗಿಸಿದ್ದು ಯಾವ ಮಾಯಾಮಂತ್ರವನ್ನೂ ಅಲ್ಲ. ದೊಡ್ಡವರು ನೋಡುತ್ತಿದ್ದರು, ವಿಚಾರಿಸುತ್ತಿದ್ದರು, ಕೆಲವು ಸರಳವಾದ ನಿಯಮಗಳನ್ನು ತಪ್ಪದೆ ಪಾಲಿಸುತ್ತಿದ್ದರು, ಅಷ್ಟೆ. ಹುಟ್ಟುಗುಣವೇ ಕಾರಣವಾಗಿದ್ದರೆ, ದೊಡ್ಡವರ ಲಕ್ಷ್ಯಮಾತ್ರದಿಂದ ಅದು ಎರಡು ವರ್ಷಗಳಲ್ಲಿ ಅರ್ಧವಾಗುತ್ತಿತ್ತೆ?

ಈಗ ನಮ್ಮ ಕಡೆಗೆ ತಿರುಗೋಣ. ಅಮೆರಿಕದಲ್ಲಿ ಕಾಣುವಂಥ ಬಂದೂಕಿನ ಅನಾಹುತಗಳು ನಮ್ಮ ಶಾಲೆಗಳಲ್ಲಿ ವಿರಳವೆಂಬುದು ಸಮಾಧಾನದ ಸಂಗತಿ. ಆದರೆ ಹಿಂಸೆಯ ಮೊದಲನೆಯ ಬಗೆ, ಎಂದರೆ ಗುರುವಿನ ಕೈಯ ಪೆಟ್ಟು, ನಮಗೆ ಎಷ್ಟು ಬಳಕೆಯಾಗಿದೆಯೆಂದರೆ ಅದನ್ನು ಹಿಂಸೆಯೆಂದು ಕರೆಯುವುದಕ್ಕೇ ನಾವು ಹಿಂಜರಿಯುತ್ತೇವೆ. ಕೂಲಿಮಠದ ಕಾಲದ ಕೋದಂಡ ಈಗಿಲ್ಲ. ಕಿವಿ ಹಿಂಡುವುದು, ಬಸ್ಕಿ ತೆಗೆಸುವುದು, ಅಂಗೈಯ ಮೇಲೆ ಬೆತ್ತದ ರುಚಿ ತೋರಿಸುವುದು ಇವಾವುವೂ ಮರೆತುಹೋಗಿಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯು 13 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶಾಲೆಗೆ ಹೋಗುವ ಮಕ್ಕಳಲ್ಲಿ ಮೂವರಿಗೆ ಇಬ್ಬರು ದೈಹಿಕ ಶಿಕ್ಷೆಯನ್ನು ಅನುಭವಿಸಿದ್ದರು. ನಾನಾ ಬಗೆಯ ಹಿಂಸೆಗೆ ಒಳಗಾಗಿದ್ದ ಮಕ್ಕಳಲ್ಲಿ ನೂರಕ್ಕೆ 70 ಮಂದಿ ಅದನ್ನು ಯಾರೊಡನೆಯೂ ಹೇಳಿಕೊಂಡಿರಲೇ ಇಲ್ಲ ಎಂಬುದು ಅದೇ ವರದಿಯ ಇನ್ನೊಂದು ಮಾತು. ಅಮೆರಿಕದ ವರದಿಯಲ್ಲಿ ಕಂಡ ಮೌನವೇ ಇಲ್ಲಿಯೂ ಕಾಣುತ್ತದೆ.

ಬೆತ್ತದ ಪಕ್ಷವನ್ನು ವಹಿಸುವವರು ಸಾಮಾನ್ಯವಾಗಿ ಹಿಂದಿನವರ ಹೆಸರು ಹೇಳುತ್ತಾರೆ. ದಂಡಕ್ಕೆ ಹತ್ತು ಗುಣವೆಂಬ ಸಂಸ್ಕೃತದ ನಾಣ್ಣುಡಿಯನ್ನು ಕೇಳದವರಿಲ್ಲ. ಆದರೆ ಆ ಶ್ಲೋಕ ಹೇಳುವ ಹತ್ತು ಪ್ರಯೋಜನಗಳಾವುವು? ಹಕ್ಕಿ, ನಾಯಿ, ಶತ್ರು, ಹಾವು, ದನ ಇವುಗಳನ್ನು ದೂರವಿಡುವುದಕ್ಕೆ. ಕೆಸರಿನಲ್ಲಿಯೂ ನೀರಿನಲ್ಲಿಯೂ ಊರಿಕೊಳ್ಳುವುದಕ್ಕೆ. ಕುರುಡನಿಗೆ, ಕತ್ತಲಲ್ಲಿ ನಡೆಯುವವನಿಗೆ, ಮುದುಕನಿಗೆ ಆಸರೆಯಾಗುವುದಕ್ಕೆ. ಈ ಹತ್ತರಲ್ಲಿ ಶಿಷ್ಯನ ಹೆಸರೇ ಇಲ್ಲ! ಗೌತಮ ಧರ್ಮಸೂತ್ರವಂತೂ, ಶಿಷ್ಯನಿಗೆ ಹೊಡೆಯದೆಯೇ ಶಿಕ್ಷಣ ಕೊಡಬೇಕೆಂದು ವಿಧಿಸುತ್ತದೆ. ಅದು ಸಾಧ್ಯವಾಗದಿದ್ದರೆ ತೆಳುವಾದ ಹಗ್ಗ ಅಥವಾ ಸೀಳಿದ ಬಿದಿರು; ಬೇರೆ ಯಾವುದರಿಂದ ಹೊಡೆದರೂ ಆ ಗುರುವನ್ನು ರಾಜನು ದಂಡಿಸಬೇಕೆಂದು ಸೂತ್ರಕಾರನ ಆಜ್ಞೆ. ಪೆಟ್ಟನ್ನು ಪೂರ್ತಿಯಾಗಿ ತೆಗೆದುಹಾಕದಿದ್ದರೂ, ಗುರುವಿನ ಕೈಗೂ ಕಾನೂನಿನ ಕಟ್ಟು ಇರಬೇಕೆಂಬ ಭಾವನೆ ನಮ್ಮ ದೇಶದಲ್ಲಿ ಬಹಳ ಹಳೆಯದು.

ಪಶ್ಚಿಮದವರು ಈ ವಿಷಯದಲ್ಲಿ ಎಲ್ಲ ಕಡೆಯೂ ನಮಗಿಂತ ಬಹು ಮುಂದೆ ನಡೆದರೆಂದೂ ಹೇಳುವಂತಿಲ್ಲ. ಪೋಲೆಂಡ್ 1783ರಷ್ಟು ಹಿಂದೆಯೇ ಶಾಲೆಯ ಪೆಟ್ಟನ್ನು ನಿಷೇಧಿಸಿತು. ಆದರೆ ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಬೆತ್ತ ನಿಂತದ್ದು 1987ರಲ್ಲಿ. ಖಾಸಗಿ ಶಾಲೆಗಳಲ್ಲಿ 1999ರಲ್ಲಿ. ಅಮೆರಿಕದ ಕೆಲವು ಸಂಸ್ಥಾನಗಳಲ್ಲಿ ಇಂದಿಗೂ ಅದಕ್ಕೆ ಕಾನೂನಿನ ಸಮ್ಮತಿಯುಂಟು. ನಮ್ಮಲ್ಲಿ 2000ದ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ದೈಹಿಕ ಶಿಕ್ಷೆಯ ವಿಧಿಯನ್ನು ರದ್ದುಪಡಿಸಿತು. 2009ರ ಶಿಕ್ಷಣದ ಹಕ್ಕಿನ ಕಾಯಿದೆ 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದು, ಅದರ 17ನೆಯ ಪ್ರಕರಣದಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನು ತನ್ನ ಮಾತನ್ನು ಹೇಳಿದೆ; ಬಳಕೆ ಅದರ ಹಿಂದೆ ನಿಧಾನವಾಗಿ ಬರುತ್ತಿದೆ.

ಗುರುವಿನ ಪೆಟ್ಟಿಗೂ ಹುಡುಗರ ಕಾಟಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಎರಡು ಬಗೆಯದು.

ಮೊದಲನೆಯದು ಅನುಕರಣೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಹಕಾರಿಗಳೂ 1961ರಲ್ಲಿ 72 ಮಂದಿ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗವನ್ನು ಮಾಡಿದರು. ಗಾಳಿ ತುಂಬಿದ ಒಂದು ದೊಡ್ಡ ಬೊಂಬೆಯನ್ನು ದೊಡ್ಡವರೊಬ್ಬರು ಗುದ್ದಿ ಬಡಿಯುವುದನ್ನು ಕೆಲವು ಮಕ್ಕಳಿಗೆ ತೋರಿಸಿದರು, ಕೆಲವರಿಗೆ ತೋರಿಸಲಿಲ್ಲ. ನೋಡಿದ ಮಕ್ಕಳು ಅನಂತರ ತಾವೂ ಅದೇ ರೀತಿಯಾಗಿ, ಅದೇ ಮಾತುಗಳನ್ನಾಡುತ್ತ ಬೊಂಬೆಯನ್ನು ಬಡಿದರು. ಸಿನಿಮಾದ ಪ್ರಭಾವವನ್ನು ಹೇಳುವವರಿಗೆ ಈ ಪ್ರಯೋಗ ಬಹಳ ಪ್ರಿಯವಾದದ್ದು. ಆದರೆ ಮಗುವಿನ ಎದುರಿಗೆ ದಿನವೂ ನಿಲ್ಲುವ ದೊಡ್ಡವರು ತೆರೆಯ ಮೇಲಿನ ನಟರಲ್ಲ. ಮನೆಯಲ್ಲಿ ನಾವು, ಶಾಲೆಯಲ್ಲಿ ಉಪಾಧ್ಯಾಯರು. ಮಾತು ಕೇಳದವನನ್ನು ಹೊಡೆದು ಬಗ್ಗಿಸಬಹುದೆಂಬ ಪಾಠವನ್ನು ಮಗು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದದ್ದು. ಅದು ಬಾಯಿ ಕಟ್ಟುವುದು. ಪೆಟ್ಟು ತಿಂದ ಮಗು ಮನೆಗೆ ಬಂದು ಹೇಳಿದರೆ ನಾವು ಸಾಮಾನ್ಯವಾಗಿ ಕೇಳುವ ಮೊದಲನೆಯ ಪ್ರಶ್ನೆ ಯಾವುದು? ‘ನೀನೇನು ಮಾಡಿದೆ?’ ಎಂಬುದು. ಸಹಪಾಠಿಯ ಕಾಟವನ್ನು ತರಗತಿಯಲ್ಲಿ ಹೇಳಿದರೆ ದೊರೆಯುವ ಉತ್ತರ, ‘ಚಾಡಿ ಹೇಳಬೇಡ, ಹೋಗಿ ಕೂತುಕೋ’ ಎಂಬುದು. ಕನ್ನಡದಲ್ಲಿ ಚಾಡಿ ಎಂಬ ಮಾತೂ ಇದೆ, ಮೊರೆ ಎಂಬ ಮಾತೂ ಇದೆ. ಇನ್ನೊಬ್ಬನಿಗೆ ಕೇಡಾಗಲೆಂದು ಹೇಳಿದರೆ ಅದು ಚಾಡಿ. ತನಗೋ ಇನ್ನೊಬ್ಬರಿಗೋ ಆಗುವ ಕೇಡು ತಪ್ಪಲೆಂದು ಹೇಳಿದರೆ ಅದು ಮೊರೆ. ಈ ಎರಡರ ಭೇದವನ್ನು ನಾವು ಮಕ್ಕಳಿಗೆ ಕಲಿಸುವುದಿಲ್ಲ. ಎರಡಕ್ಕೂ ಒಂದೇ ಗದರಿಕೆಯನ್ನು ಕೊಡುತ್ತೇವೆ. ಎರಡು ಮೂರು ಸಲ ಹೀಗಾದ ಮೇಲೆ ಮಗು ದೊಡ್ಡವರೊಡನೆ ಹೇಳುವುದನ್ನೇ ಬಿಟ್ಟುಬಿಡುತ್ತದೆ. ಅಂದಿನಿಂದ ಆ ಶಾಲೆಯಲ್ಲಿ ಏನು ನಡೆದರೂ ಅದು ಮಕ್ಕಳಿಗೆ ಗೊತ್ತು, ದೊಡ್ಡವರಿಗೆ ಗೊತ್ತಿಲ್ಲ.

ನನ್ನ ವಿಚಾರದ ಮುಖ್ಯಾಂಶ ಇದೇ. ಶಾಲೆಯ ಹಿಂಸೆಗೆ ಬೀಜಗಳು ಹಲವಿರಬಹುದು; ಅವೆಲ್ಲವೂ ಬೇರೂರುವ ನೆಲ ಈ ಮೌನ. ಅಮೆರಿಕದವರು 2008ರಲ್ಲಿ ಪ್ರಕಟಿಸಿದ ಮತ್ತೊಂದು ವಿಚಾರಣೆಯಲ್ಲಿ, ವಿಷಯ ಮೊದಲೇ ತಿಳಿದಿದ್ದ ಮಕ್ಕಳನ್ನೇ ಪ್ರಶ್ನೆಮಾಡಿದರು. ಹೇಳಿದವರು ಏಕೆ ಹೇಳಿದರು, ಹೇಳದವರು ಏಕೆ ಹೇಳಲಿಲ್ಲ ಎಂದು ವಿಚಾರಿಸಿದಾಗ, ಶಾಲೆಯ ವಾತಾವರಣವೇ ಬಹುಮಟ್ಟಿಗೆ ಅದನ್ನು ನಿರ್ಣಯಿಸಿತ್ತೆಂದು ಕಂಡಿತು. ಹೇಳಿದರೆ ತಮ್ಮನ್ನೇ ಹಿಡಿದು ಪ್ರಶ್ನಿಸಿಯಾರೆಂಬ ಶಂಕೆಯಿದ್ದಲ್ಲಿ ಮಕ್ಕಳು ಸುಮ್ಮನಿದ್ದರು. 2021ರ ವರದಿಯೊಂದರಲ್ಲಿ, 2006ರಿಂದ 2018ರವರೆಗೆ ನಡೆಯದೆ ತಪ್ಪಿಹೋದ 67 ಸಂಚುಗಳನ್ನು ಪರಿಶೀಲಿಸಿದರು. ಅವು ತಪ್ಪಿದ್ದು ಹೆಚ್ಚಾಗಿ ಗೆಳೆಯರೋ ಸಹಪಾಠಿಗಳೋ ದೊಡ್ಡವರಿಗೆ ಸಕಾಲದಲ್ಲಿ ತಿಳಿಸಿದ್ದರಿಂದ.

ಕಾಲೇಜಿನಲ್ಲಿ ಪಾಠ ಹೇಳುವ ನನ್ನಂಥವರಿಗೆ ಈ ಮೌನದ ಇನ್ನೊಂದು ಫಲ ಕಾಣುತ್ತದೆ. ಅದು ರ‍್ಯಾಗಿಂಗ್ ಎಂಬ ಅನಿಷ್ಟ. ಮೊದಲನೆಯ ವರ್ಷ ಅವಮಾನವನ್ನು ನುಂಗಿಕೊಂಡವನು, ಎರಡನೆಯ ವರ್ಷ ಹೊಸಬರಿಗೆ ಅದನ್ನೇ ಬಡ್ಡಿಸಹಿತ ತೀರಿಸುತ್ತಾನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009ರಲ್ಲಿ ಇದರ ವಿರುದ್ಧ ಕಠಿಣವಾದ ನಿಯಮಗಳನ್ನು ಮಾಡಿತು. ಅವು ಅತ್ಯಗತ್ಯವಾಗಿಯೇ ಇದ್ದವು. ಆದರೆ ಹತ್ತು ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿರುವುದನ್ನೇ ಸದ್ಗುಣವೆಂದು ಕಲಿತು ಬಂದ ತರುಣನು, ಕಾಲೇಜಿನ ಬಾಗಿಲಲ್ಲಿ ನಿಯಮವನ್ನು ಓದಿದ ಮಾತ್ರಕ್ಕೆ ಬಾಯಿ ಬಿಟ್ಟಾನೆಂದು ನಿರೀಕ್ಷಿಸುವುದು ಹೇಗೆ?

ಇಷ್ಟನ್ನು ಹೇಳಿ ಉಪಾಧ್ಯಾಯರನ್ನು ಅಪರಾಧಿಗಳ ಸ್ಥಾನದಲ್ಲಿ ನಿಲ್ಲಿಸುವುದು ನನ್ನ ಅಭಿಪ್ರಾಯವಲ್ಲ. ಕಾಯಿದೆಯಂತೆ ಕೆಳಗಿನ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬರು, ಮೇಲಿನ ಪ್ರಾಥಮಿಕ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬರು ಉಪಾಧ್ಯಾಯರಿರಬೇಕು. ಅದಕ್ಕಿಂತ ಎಷ್ಟೋ ಹೆಚ್ಚಿನ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು, ಪಾಠಗಳನ್ನು ಮುಗಿಸಬೇಕು, ಪರೀಕ್ಷೆಯಲ್ಲಿ ಫಲವನ್ನು ತೋರಿಸಬೇಕು, ಮೇಲಿನವರಿಗೆ ಲೆಕ್ಕಪತ್ರಗಳನ್ನು ಒಪ್ಪಿಸಬೇಕು. ಅವರ ಬವಣೆಯನ್ನು ಕೇಳುವವರು ಯಾರು? ಅವರೂ ಮೊರೆಯಿಡಲು ಸ್ಥಳವಿಲ್ಲದವರೇ. ತಾಳ್ಮೆ ಕೆಟ್ಟ ಗಳಿಗೆಯಲ್ಲಿ ಎದ್ದ ಕೈ ಅನೇಕ ವೇಳೆ ದ್ವೇಷದ್ದಲ್ಲ, ಬಳಲಿಕೆಯದು. ನಮ್ಮ ಪೂರ್ವಿಕರು ಇದನ್ನು ಅರಿಯದವರಲ್ಲ. ಪಾಠವನ್ನಾರಂಭಿಸುವಾಗ ಗುರುಶಿಷ್ಯರಿಬ್ಬರೂ ಹೇಳುವ ಶಾಂತಿಮಂತ್ರದಲ್ಲಿ, ತಮ್ಮಿಬ್ಬರೊಳಗೆ ದ್ವೇಷ ಹುಟ್ಟದಿರಲೆಂಬ ಪ್ರಾರ್ಥನೆಯುಂಟು. ಹುಟ್ಟುವ ಸಂಭವವೇ ಇಲ್ಲದಿದ್ದರೆ ಅಂಥ ಪ್ರಾರ್ಥನೆ ಬೇಕಾಗುತ್ತಿರಲಿಲ್ಲ.

ಶಿಕ್ಷೆಯನ್ನು ತೆಗೆದರೆ ಶಿಸ್ತು ಉಳಿಯುವುದೆ ಎಂಬ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಶಿಸ್ತು ಬೇಕು. ನಾರ್ವೆಯ ಪ್ರಯೋಗದಲ್ಲಿಯೂ ನಿಯಮಗಳಿದ್ದವು. ಮುರಿದವನಿಗೆ ಅದರ ಫಲವೂ ತಪ್ಪುತ್ತಿರಲಿಲ್ಲ. ಆದರೆ ಆ ಫಲ ಮೈಮೇಲಿನ ಪೆಟ್ಟಾಗಿರಲಿಲ್ಲ, ಮೊಗದೆದುರಿನ ಅವಹೇಳನವಾಗಿರಲಿಲ್ಲ. ಕಟ್ಟುನಿಟ್ಟು ಬೇರೆ, ಕ್ರೌರ್ಯ ಬೇರೆ.

ಹಾಗಾದರೆ ನಾವು ಮಾಡಬಹುದಾದುದೇನು? ದೊಡ್ಡ ಯೋಜನೆಗಳು ಸರ್ಕಾರದ ಪಾಲಿನವು. ಬಂದೂಕು ಎಲ್ಲೆಲ್ಲಿಯೂ ದೊರೆಯದಂತೆ ನೋಡಿಕೊಳ್ಳುವುದು, ಸಾಕಷ್ಟು ಉಪಾಧ್ಯಾಯರನ್ನು ನೇಮಿಸುವುದು, ಕಾಯಿದೆಯನ್ನು ಕಾಗದದಿಂದ ಕೊಠಡಿಗೆ ತರುವುದು ಅದರ ಹೊಣೆ. ನಮ್ಮ ಕೈಯಲ್ಲಿರುವ ಕೆಲಸಗಳು ಚಿಕ್ಕವು. ಆದರೆ ನಾಳೆಯೇ ಪ್ರಾರಂಭಿಸಬಹುದಾದವು. ಶಾಲೆಯಿಂದ ಬಂದ ಮಗುವನ್ನು ‘ಎಷ್ಟು ನಂಬರು ಬಂತು?’ ಎಂದು ಕೇಳುವ ಮೊದಲು, ‘ಇವತ್ತು ಯಾರ ಜೊತೆ ಕೂತು ಊಟ ಮಾಡಿದೆ?’ ಎಂದು ಕೇಳಬಹುದು. ‘ಯಾರ ಜೊತೆಗೂ ಇಲ್ಲ’ ಎಂಬ ಉತ್ತರ ದಿನದಿನವೂ ಬಂದರೆ, ಅದು ಪ್ರಗತಿಪತ್ರದಲ್ಲಿ ಬರೆಯದ, ಆದರೆ ಅದಕ್ಕಿಂತ ಮುಖ್ಯವಾದ ಸಮಾಚಾರ. ಮಗು ದೂರು ತಂದಾಗ, ತೀರ್ಪು ಕೊಡುವುದಕ್ಕೆ ಮುಂಚೆ ಪೂರ್ತಿಯಾಗಿ ಕೇಳಬಹುದು. ಚಾಡಿಗೂ ಮೊರೆಗೂ ಇರುವ ವ್ಯತ್ಯಾಸವನ್ನು ಮನೆಯಲ್ಲಿಯೇ ತಿಳಿಸಿ ಹೇಳಬಹುದು. ಶಾಲೆಗಳಲ್ಲಿ ವಿರಾಮದ ಹೊತ್ತು ಹಿರಿಯರೊಬ್ಬರು ಅಂಗಳದಲ್ಲಿರುವಂತೆಯೂ, ಮಗು ಹೆದರದೆ ಹೋಗಿ ಮಾತನಾಡಬಹುದಾದ ಉಪಾಧ್ಯಾಯರೊಬ್ಬರು ಇರುವಂತೆಯೂ ಪೋಷಕರು ಕೇಳಿಕೊಳ್ಳಬಹುದು. ಯಾರೂ ಇಲ್ಲವೆನಿಸಿದ ಮಗುವಿಗಾಗಿ 1098 ಎಂಬ ದೂರವಾಣಿಯ ಸಂಖ್ಯೆಯುಂಟು. ಅದಕ್ಕೆ ಹಣ ತೆರಬೇಕಾಗಿಲ್ಲ. ಅದನ್ನು ನಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸುವುದರಲ್ಲಿ ನಷ್ಟವೇನೂ ಇಲ್ಲ.

ಮಕ್ಕಳು ನಮಗೆ ಹೇಳುವುದಿಲ್ಲವೆಂದು ನಾವು ಆಕ್ಷೇಪಿಸುತ್ತೇವೆ. ಬಹುಶಃ ಅವರು ಹೇಳಲು ಬಂದಿದ್ದರು. ಅರ್ಧ ಮಾತಿನಲ್ಲಿಯೇ ಸುಮ್ಮನಾಗಿದ್ದರು. ಮುಂದಿನ ಸಲ ಅವರು ಬಂದಾಗ ಮಾತು ಮುಗಿಯುವ ತನಕ ಕೇಳುವ ತಾಳ್ಮೆ ನಮ್ಮಲ್ಲಿರಲಿ.